ತೋಟದವಳ ಎರಡು ಕೊಡ

“ಅಜ್ಜಾರೇ, ನೀರು ಉಳಿಸಿದವನನ್ನೇ ಜನ ಬೈದರೆ ಅದು ನ್ಯಾಯವೇ?”

ಕೇಳಿದವನು ಗದಿಗೆಯ್ಯ. ಮಠದ ತೋಟ ನೋಡಿಕೊಳ್ಳುವ ಶಿಷ್ಯ. ಗುರುಗಳು ಎರಡು ತಿಂಗಳು ಊರೂರು ತಿರುಗಿ ಅಂದು ಬೆಳಿಗ್ಗೆಯಷ್ಟೇ ಮಠಕ್ಕೆ ಮರಳಿದ್ದರು. ಅವರನ್ನು ಎಲ್ಲರೂ ಅಜ್ಜಾರು ಎಂದೇ ಕರೆಯುತ್ತಿದ್ದರು.

“ಯಾರು ಬೈದರು?” ಎಂದು ಅಜ್ಜಾರು ಕೇಳಿದರು.

“ಓಣಿಯ ಹೆಂಗಸರು. ಈ ಬೇಸಿಗೆಯಲ್ಲಿ ತೋಟಕ್ಕೆ ಹಾಕುವ ನೀರನ್ನು ನಾನು ಅರ್ಧಕ್ಕೆ ಇಳಿಸಿದೆ. ಗಿಡದ ಬುಡಕ್ಕೆ ತರಗೆಲೆ ಮುಚ್ಚಿದೆ. ನಸುಕಿನಲ್ಲೇ ಎದ್ದು ನೀರು ಹಾಕಿದೆ. ಒಂದು ಹೂವೂ ಬಾಡಲಿಲ್ಲ. ಬಾವಿಯ ನೀರು ಇಳಿಯಬಾರದೆಂದು ಹೊರಗಿನವರು ಸೇದುವುದನ್ನೂ ನಿಲ್ಲಿಸಿದೆ. ಅಷ್ಟಕ್ಕೇ ಬಾಯಿಗೆ ಬಂದಂತೆ ಮಾತಾಡಿದರು. ಒಬ್ಬಳಂತೂ, ನಿನ್ನ ಹೂವಿಗೆ ಹಾಲು ಕುಡಿಸು ಹೋಗು ಅಂದಳು. ನಾನು ಅವರನ್ನು ಕ್ಷಮಿಸಿದ್ದೇನೆ. ಆದರೂ ಕೇಳಬೇಕೆನಿಸಿತು.”

ಸಿಟ್ಟು ಬಂದಾಗ ಅಜ್ಜಾರ ಧ್ವನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಆ ಇಳಿದ ಧ್ವನಿಯಲ್ಲೇ ಅವರು ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಊರ ಅಂಚಿನಲ್ಲಿ ಅವನೊಂದು ಜಾಗ ಕೊಂಡ. ಆ ಜಾಗದಲ್ಲಿ ಸಿಹಿನೀರಿನ ಬಾವಿ ಇತ್ತು. ಪಕ್ಕದ ಓಣಿಯ ಹೆಂಗಸರು ತಲೆತಲಾಂತರದಿಂದ ಅಲ್ಲೇ ನೀರು ಸೇದುತ್ತಿದ್ದರು. ವರ್ತಕ ಮನೆ ಕಟ್ಟಿಸಿದ. ಮನೆಯ ಸುತ್ತ ಗೋಡೆ ಕಟ್ಟಿಸಿದ. ಗೋಡೆಗೊಂದು ಗೇಟು ಇಡಿಸಿದ. ಬಾವಿ ಗೋಡೆಯ ಒಳಗಾಯಿತು. ತಾನು ಯಾರ ಮನೆಯೊಳಗಿದ್ದೇನೆ ಎಂಬುದು ಬಾವಿಗೆ ಗೊತ್ತಿರಲಿಲ್ಲ. ಅದು ಮೊದಲಿನಂತೆಯೇ ಊರುತ್ತಿತ್ತು. ಹೆಂಗಸರು ಬಂದು ಕೇಳಿಕೊಂಡದ್ದಕ್ಕೆ ವರ್ತಕ ಬೆಳಗಿನ ಹೊತ್ತು ಗೇಟು ತೆರೆಸುತ್ತಿದ್ದ. ಅಷ್ಟು ಮಟ್ಟಿಗೆ ಒಳ್ಳೆಯವನೇ.

ಅವನ ವ್ಯಾಪಾರ ದೂರದ ಊರುಗಳವರೆಗೂ ಇತ್ತು. ಅಂಥದೊಂದು ಊರಿನಲ್ಲಿ ಯಾರೋ ದೊಡ್ಡ ಅಧಿಕಾರಿಯ ಬಂಗಲೆಯ ಮುಂದೆ ಹುಲ್ಲುಹಾಸು ನೋಡಿ ಬಂದ. ಬಂದವನಿಗೆ ತನ್ನ ಮನೆಯ ಅಂಗಳ ಬೋಳಾಗಿ ಕಂಡಿತು. ಬಂಡಿಗಳಲ್ಲಿ ಬೇರು ಮಣ್ಣು ಸಮೇತ ಹುಲ್ಲಿನ ಹೆಂಟೆ ತರಿಸಿ ಮನೆಯ ಮುಂದೆಲ್ಲ ಹಾಸಿಸಿದ. ಆ ಊರಿನವರು ಹುಲ್ಲು ಕಂಡಿದ್ದರು. ಹುಲ್ಲಿಗೆ ಯಾರಾದರೂ ನೀರು ಸೇದಿ ಹಾಕುವುದನ್ನು ಕಂಡಿರಲಿಲ್ಲ. ಹಾಲು ಮಾರುವ ಮುದುಕಿಯೊಬ್ಬಳು ಗೇಟಿನ ಹತ್ತಿರ ನಿಂತು ಕೇಳಿದಳು.

“ಸಾಹುಕಾರರೇ, ಎಮ್ಮೆ ಎಷ್ಟು ಕಟ್ಟಿದ್ದೀರಿ?”

“ಎಮ್ಮೆ ಯಾಕೆ? ಇದು ನೋಡುವುದಕ್ಕೆ ಬೆಳೆಸಿದ್ದು.”

“ತಿನ್ನುವವರೇ ಇಲ್ಲದ ಹುಲ್ಲಾ? ನಿಮಗೇನು ಬಿಡಿ, ಮೇಯಲು ಮನೆ ತುಂಬ ಜನ ಇದ್ದಾರೆ,” ಎಂದು ಮುದುಕಿ ಹಾಲಿನ ಗಡಿಗೆ ಹೊತ್ತುಕೊಂಡು ಹೋದಳು.

ಹುಲ್ಲು ಮತ್ತು ಹೂಗಿಡ ನೋಡಿಕೊಳ್ಳಲು ವರ್ತಕ ಓಣಿಯ ಒಬ್ಬ ಹೆಂಗಸನ್ನು ಕೆಲಸಕ್ಕಿಟ್ಟುಕೊಂಡ. ಅವಳಿಗೆ ಗಂಡ ಇರಲಿಲ್ಲ. ಮೂರು ವರ್ಷದ ಮಗಳಿದ್ದಳು. ಚಿಕ್ಕಂದಿನಿಂದ ತರಕಾರಿ ತೋಟಗಳಲ್ಲಿ ದುಡಿದವಳು. ಹಿಡಿ ಮಣ್ಣು ಹಿಚುಕಿ ನೋಡಿದರೆ ಅದಕ್ಕೆ ಏನು ಬೇಕೆಂದು ಅವಳಿಗೆ ತಿಳಿಯುತ್ತಿತ್ತು. ಕೂಲಿ ಮಾತಾಡುವಾಗ ಅವಳು ಒಂದೇ ಷರತ್ತು ಹಾಕಿದಳು. ಸಂಜೆ ಮನೆಗೆ ಹೋಗುವಾಗ ಬಾವಿಯಿಂದ ಎರಡು ಕೊಡ ನೀರು ಒಯ್ಯುತ್ತೇನೆ ಎಂದಳು. ವರ್ತಕ ಒಪ್ಪಿದ. ಬೆಳಗಿನ ಹೊತ್ತು ಉಳಿದ ಹೆಂಗಸರು ನೀರಿಗೆ ಬರುವಾಗ ಅವಳು ಕೆಲಸದಲ್ಲಿರುತ್ತಿದ್ದಳು. ಹಾಗಾಗಿ ಸಂಜೆಯ ಆ ಎರಡು ಕೊಡವೇ ಅವಳ ಮನೆಯ ನೀರು. ಒಂದು ಕುಡಿಯುವುದಕ್ಕೆ, ಅಡುಗೆಗೆ. ಇನ್ನೊಂದು ಉಳಿದ ಎಲ್ಲಕ್ಕೆ.

ವರ್ತಕ ಮಧ್ಯಾಹ್ನ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಪಡಸಾಲೆಯಲ್ಲಿ ಕೂರುತ್ತಿದ್ದ. ಆಗ ಅವನ ಕಣ್ಣ ಮುಂದೆ ಹುಲ್ಲು ತೋಯ್ದು ಮಿನುಗುತ್ತಿರಬೇಕು. ಅದು ಅವನ ಅಪ್ಪಣೆ. ಹಾಗಾಗಿ ಸೂರ್ಯ ನೆತ್ತಿಯ ಮೇಲಿರುವಾಗಲೇ ಅವಳು ನೀರು ಚಿಮುಕಿಸಬೇಕಿತ್ತು. ದಿನಕ್ಕೆ ಎಂಬತ್ತು ಕೊಡ. ಹಗ್ಗ ಎಳೆದು ಎಳೆದು ಅವಳ ಅಂಗೈ ಎಮ್ಮೆಯ ಗೊರಸಿನಂತಾಯಿತು. ಹಾಕಿದ ನೀರಿನಲ್ಲಿ ಅರ್ಧವನ್ನು ಬಿಸಿಲು ಅವಳ ಕಣ್ಣೆದುರೇ ಕುಡಿಯುತ್ತಿತ್ತು. ಹುಲ್ಲನ್ನು ನೆಲ ಕಾಣುವ ಹಾಗೆ ಬೋಳಿಸಬೇಕು. ಬಿದ್ದ ಎಲೆಯನ್ನು ಗುಡಿಸಿ ಸುಡಬೇಕು. ಇಷ್ಟು ಜನರ ಮನೆಯ ಬಚ್ಚಲ ನೀರು ದಿನವೂ ಮೋರಿ ಸೇರುತ್ತಿತ್ತು. ಅದನ್ನು ಬಾಳೆಯ ಬುಡಕ್ಕೆ ತಿರುಗಿಸೋಣವೇ ಎಂದು ಒಮ್ಮೆ ಕೇಳಿದಳು. ನಾನು ಕೂಲಿ ಕೊಡುವುದು ನಿನ್ನ ಕೈಗೆ, ಬಾಯಿಗಲ್ಲ ಎಂದ ವರ್ತಕ. ಅವಳು ಮತ್ತೆ ಕೇಳಲಿಲ್ಲ. ಸಂಜೆ ಎರಡು ಕೊಡ ನೀರು ಸಿಗುತ್ತಿತ್ತಲ್ಲ, ಅಷ್ಟಕ್ಕೆ ಸುಮ್ಮನಿದ್ದಳು.

ಒಂದು ವರ್ಷ ಬೇಸಿಗೆ ಬೇಗ ಬಂತು. ಬಾವಿಯಲ್ಲಿ ನಾಲ್ಕು ಮೆಟ್ಟಿಲು ನೀರು ಇಳಿಯಿತು. ವರ್ತಕ ಬಾವಿಯೊಳಗೆ ಬಗ್ಗಿ ನೋಡಿ ಗಾಬರಿಯಾದ. ಮನೆಯವರನ್ನೂ ಆಳುಗಳನ್ನೂ ಅಂಗಳಕ್ಕೆ ಕರೆಸಿದ. ನೀರು ಪೋಲಾಗುತ್ತಿದೆ, ಇವತ್ತಿನಿಂದ ಎಲ್ಲರೂ ಉಳಿಸಬೇಕು ಎಂದ.

ಅವನು ಹೇಳಿದ ಹಾಗೆಯೇ ಆಯಿತು. ಅಡುಗೆಯವಳು ಅಕ್ಕಿಯನ್ನು ಮೂರು ಸಲ ತೊಳೆಯುತ್ತಿದ್ದವಳು ಒಂದೇ ಸಲ ತೊಳೆದಳು. ಬಟ್ಟೆ ಒಗೆಯುವವಳು ಗಂಟು ಹೊತ್ತು ಹಳ್ಳದ ದಾರಿ ಹಿಡಿದಳು. ಗೇಟಿನ ಹೊರಗೆ ವರ್ತಕ ದಾರಿಹೋಕರು ಕುಡಿಯಲೆಂದು ಅರವಟ್ಟಿಗೆಯ ಗಡಿಗೆಗಳನ್ನು ಇಡಿಸಿದ್ದ, ತನ್ನ ತಾಯಿಯ ಹೆಸರಿನಲ್ಲಿ. ಆ ಗಡಿಗೆಗಳು ಒಳಗೆ ಬಂದು ಬೋರಲು ಬಿದ್ದವು. ತಾಯಿಯ ಹೆಸರು ಬರೆದ ಹಲಗೆ ಮಾತ್ರ ಹೊರಗೆ ಉಳಿಯಿತು. ಓಣಿಯ ಹೆಂಗಸರಿಗೆ ಗೇಟು ಮುಚ್ಚಿತು. ಕೊನೆಗೆ ತೋಟದವಳ ಸರದಿ ಬಂತು.

“ನಿನ್ನ ಎರಡು ಕೊಡವೂ ಇವತ್ತಿಗೆ ಕಡೆ.”

“ಹುಲ್ಲಿನ ಎಂಬತ್ತು?”

“ಹುಲ್ಲಿಗೆ ಬಾಯಿ ಇದೆಯೇ? ಬಾಯಾರಿತು ಅಂತ ಅದು ಬಂದು ಹೇಳುತ್ತದೆಯೇ? ನಾವೇ ನೋಡಿಕೊಳ್ಳಬೇಕು.”

ಅವಳಿಗೆ ನಗು ಬರಬೇಕಿತ್ತು. ಬರಲಿಲ್ಲ. ಬಾಯಿ ಇರುವುದೇ ತಾಯಿ ಮಗಳ ತಪ್ಪು ಎಂದಾಯಿತು.

ಅಂದಿನಿಂದ ಅವಳು ಕೆಲಸ ಮುಗಿಸಿ ಹಳ್ಳಕ್ಕೆ ಹೋಗತೊಡಗಿದಳು. ಹಳ್ಳ ಬತ್ತಿತ್ತು. ಮರಳಿನಲ್ಲಿ ಒರತೆ ತೋಡಿ, ಊರಿದ್ದನ್ನು ತೆಂಗಿನ ಚಿಪ್ಪಿನಲ್ಲಿ ಮೊಗೆದು ಕೊಡಕ್ಕೆ ಸುರಿಯಬೇಕು. ಒಂದು ಕೊಡ ತುಂಬುವಷ್ಟರಲ್ಲಿ ಒಂದು ಅಡುಗೆ ಮಾಡಿ ಮುಗಿಸಬಹುದಿತ್ತು. ಅದೇ ಹಳ್ಳದಲ್ಲಿ ಮೇಲ್ಗಡೆ ಉಳಿದಿದ್ದ ಗುಂಡಿಯಲ್ಲಿ ಬಟ್ಟೆ ಒಗೆಯುತ್ತಿದ್ದರು, ದನ ನಿಲ್ಲಿಸುತ್ತಿದ್ದರು. ಆ ನೀರು ಮಗುವಿಗೆ ಒಗ್ಗಲಿಲ್ಲ. ಹೊಟ್ಟೆ ಕೆಟ್ಟಿತು. ಹತ್ತು ದಿನದಲ್ಲಿ ಓಡಾಡುತ್ತಿದ್ದ ಮಗು ಚಾಪೆ ಹಿಡಿಯಿತು. ನೋಡಲು ಬಂದ ನಾಟಿ ವೈದ್ಯ, ಔಷಧಿ ನಾನು ಕೊಡಬಹುದು, ಒಳ್ಳೆಯ ನೀರು ನೀನು ಕೊಡಬೇಕು ಎಂದ.

ಮರುದಿನ ಮಧ್ಯಾಹ್ನ ವರ್ತಕ ಪಡಸಾಲೆಗೆ ಬಂದು ಕೂತ ಹೊತ್ತಿಗೆ ಅವಳು ಅವನೆದುರು ನಿಂತಳು. ಅಂಗಳದಲ್ಲಿ ಹುಲ್ಲು ಆಗಷ್ಟೇ ತೋಯ್ದು ಮಿನುಗುತ್ತಿತ್ತು. ಅವಳು ಕುಡುಗೋಲಿನ ತುದಿಯಿಂದ ಹುಲ್ಲಿನ ಒಂದು ಮೂಲೆಯನ್ನು ಎತ್ತಿ ತೋರಿಸಿದಳು. ಮೇಲೆ ಒದ್ದೆ. ಒಂದು ಬೆರಳು ಕೆಳಗೆ ಹಿಟ್ಟಿನಂಥ ಒಣ ಮಣ್ಣು. ಬೇರುಗಳೆಲ್ಲ ಚಾಪೆಯ ಹಾಗೆ ಮೇಲೆಯೇ ಹೆಣೆದುಕೊಂಡಿದ್ದವು.

“ಸಾಹುಕಾರರೇ, ಇಷ್ಟು ದಿನ ನಾವು ಹುಲ್ಲಿಗೆ ನೀರು ಕುಡಿಸಿಲ್ಲ. ಮುಖ ತೊಳೆಸಿದ್ದೇವೆ. ದಿನಾ ಮೇಲೆಯೇ ಸಿಗುವಾಗ ಬೇರು ಕೆಳಗೆ ಯಾಕೆ ಹೋದೀತು? ನನ್ನ ಕೈಗೆ ಬಿಡಿ. ಎಂಬತ್ತು ಕೊಡದ ಕೆಲಸವನ್ನು ಇಪ್ಪತ್ತರಲ್ಲಿ ಮಾಡುತ್ತೇನೆ. ಹಸಿರು ಹೋದರೆ ಕೂಲಿ ಕೊಡಬೇಡಿ. ಉಳಿದರೆ ನನ್ನ ಎರಡು ಕೊಡ ನನಗೆ ಕೊಡಿ.”

ವರ್ತಕ ಒಣ ಮಣ್ಣನ್ನೂ ಅವಳ ಮುಖವನ್ನೂ ನೋಡಿದ.

“ಮೊದಲು ಉಳಿಸಿ ತೋರಿಸು. ಆಮೇಲೆ ನೋಡೋಣ.”

ತಮ್ಮಾ ಗದಿಗೆಯ್ಯ, ಕೊಡುವ ಮನಸ್ಸಿದ್ದವನು ಕೊಡುತ್ತೇನೆ ಎನ್ನುತ್ತಾನೆ. ಆಮೇಲೆ ನೋಡೋಣ ಎನ್ನುವವನು ಆಗಲೇ ನೋಡಿ ಮುಗಿಸಿರುತ್ತಾನೆ. ಇದು ಅವಳಿಗೂ ಗೊತ್ತಿತ್ತು. ಆದರೆ ಮಗಳು ಚಾಪೆಯ ಮೇಲಿದ್ದಳು. ಗೊತ್ತಿದ್ದದ್ದನ್ನು ಗೊತ್ತಿಲ್ಲದಂತೆ ನುಂಗಿಕೊಂಡು ಅವಳು ಕೆಲಸಕ್ಕಿಳಿದಳು.

ಹುಲ್ಲುಹಾಸನ್ನು ಮನಸ್ಸಿನಲ್ಲೇ ಐದು ಪಾಲು ಮಾಡಿದಳು. ದಿನಕ್ಕೊಂದು ಪಾಲು, ಅದೂ ಬೆಳಕು ಹರಿಯುವ ಮೊದಲು. ಆ ಪಾಲಿಗೆ ಮಾತ್ರ ನಿಧಾನವಾಗಿ, ಗೇಣುದ್ದ ಕೆಳಗೆ ಇಳಿಯುವವರೆಗೆ ನೀರು. ಉಳಿದ ನಾಲ್ಕು ಪಾಲಿಗೆ ಹನಿ ಕೂಡ ಇಲ್ಲ. ಮೊದಲ ವಾರ ಹುಲ್ಲು ಸೊರಗಿತು. ವರ್ತಕ ಪಡಸಾಲೆಯಿಂದ ಕೂಗಾಡಿದ. ಅವಳು ಜಗ್ಗಲಿಲ್ಲ. ಹುಲ್ಲಿನ ಮೇಲೆ ಒಂದು ಹೆಜ್ಜೆ ಇಟ್ಟು ನೋಡುತ್ತಿದ್ದಳು. ತುಳಿದ ಹುಲ್ಲು ಮತ್ತೆ ಎದ್ದು ನಿಂತರೆ ಅದಕ್ಕೆ ಇನ್ನೂ ಬಾಯಾರಿಲ್ಲ. ಮಲಗಿಯೇ ಇದ್ದರೆ ಮರುದಿನ ನಸುಕಿನಲ್ಲಿ ಅದರ ಪಾಳಿ. ಬೋಳಿಸುವುದನ್ನು ಬಿಟ್ಟು ಎರಡು ಬೆರಳು ಎತ್ತರ ಬೆಳೆಯಲು ಬಿಟ್ಟಳು. ಹುಲ್ಲಿನ ನೆರಳು ಅದರ ಬುಡಕ್ಕೇ ಬಿದ್ದಾಗ ನೆಲ ಕಾಯುವುದು ಕಡಿಮೆಯಾಯಿತು.

ಬೋರಲು ಬಿದ್ದಿದ್ದ ಅರವಟ್ಟಿಗೆಯ ಗಡಿಗೆಗಳನ್ನು ಹೂಗಿಡಗಳ ಬುಡದಲ್ಲಿ ಹೂಳಿದಳು. ತಳದಲ್ಲಿ ಸಣ್ಣ ತೂತು ಮಾಡಿ ಬಟ್ಟೆಯ ಬತ್ತಿ ಇಟ್ಟಿದ್ದಳು. ಒಮ್ಮೆ ತುಂಬಿದರೆ ನಾಲ್ಕು ದಿನ ಗಿಡ ತನಗೆ ಬೇಕಾದಷ್ಟನ್ನೇ ಹೀರಿಕೊಳ್ಳುತ್ತಿತ್ತು. ಸುಡಬೇಕಿದ್ದ ಎಲೆ ಮಣ್ಣಿಗೆ ಹೊದಿಕೆಯಾಯಿತು. ಬಚ್ಚಲ ನೀರಿಗೆ ಯಾರನ್ನೂ ಕೇಳದೆ ಕಾಲುವೆ ತೋಡಿದಳು. ವರ್ತಕನ ಮನೆಯವರು ಮಿಂದ ನೀರು ಬಾಳೆಗೆ ಹೋಯಿತು, ಅದರ ಸೊರಗಿದ ಗೊನೆ ಮೊದಲ ಸಲ ತುಂಬಿಕೊಂಡಿತು. ಇಷ್ಟು ಮಾಡಿ ಸಂಜೆ ಅವಳು ಖಾಲಿ ಕೊಡ ಹಿಡಿದು ಹಳ್ಳಕ್ಕೆ ಹೋಗುತ್ತಿದ್ದಳು. ತಂದ ನೀರನ್ನು ಸೋಸಿ, ಕುದಿಸಿ, ಆರಿಸಿ ಮಗುವಿಗೆ ಚಮಚದಲ್ಲಿ ಕುಡಿಸುತ್ತಿದ್ದಳು. ಕುದಿಸಲು ಸೌದೆ ಸಿಗದ ದಿನ ಹಾಗೆಯೇ ಕುಡಿಸುತ್ತಿದ್ದಳು. ಅಂಥ ದಿನದ ಮರುದಿನ ಮಗು ಮತ್ತೆ ಸುಸ್ತಾಗುತ್ತಿತ್ತು.

ಒಂದೂವರೆ ತಿಂಗಳಾಯಿತು. ಊರೆಲ್ಲ ಒಣಗಿ ಕೆಂಪಾಗಿದ್ದಾಗ ವರ್ತಕನ ಅಂಗಳ ಹಸಿರಾಗಿತ್ತು. ಅದೂ ಮೊದಲಿಗಿಂತ ದಟ್ಟ ಹಸಿರು. ದಿನಕ್ಕೆ ಇಪ್ಪತ್ತು ಕೊಡಕ್ಕಿಂತ ಒಂದು ಚೊಂಬೂ ಹೆಚ್ಚು ಹಾಕಿರಲಿಲ್ಲ. ಬಾವಿಯಲ್ಲಿ ಇಳಿದಿದ್ದ ನೀರು ಮೂರು ಮೆಟ್ಟಿಲು ಮೇಲೆ ಬಂದಿತ್ತು.

ಇನ್ನು ಕೇಳಬಹುದು ಎಂದು ಅವಳು ತೀರ್ಮಾನಿಸಿದ ದಿನವೇ ಗೇಟಿನೆದುರು ಬಂಡಿಗಳು ಬಂದು ನಿಂತವು. ಬಂಡಿಗಳ ತುಂಬ ಹುಲ್ಲಿನ ಹೆಂಟೆ. ಆಳುಗಳು ಅದನ್ನು ಹಿತ್ತಲಿಗೆ ಹೊತ್ತರು. ಅಲ್ಲಿ ಮನೆಯ ಅಡುಗೆಗೆ ಹರಿವೆ, ಮೆಂತ್ಯ ಬೆಳೆಯುತ್ತಿದ್ದ ಮಡಿಗಳಿದ್ದವು. ಅವನ್ನು ಅಗೆದು ಸಪಾಟು ಮಾಡಿದ್ದರು. ವರ್ತಕ ನಗುತ್ತ ಅವಳನ್ನು ಕರೆದ.

“ಬಾ ಇಲ್ಲಿ. ನೀನು ನೀರು ಉಳಿಸಿದ್ದು ಒಳ್ಳೆಯದೇ ಆಯಿತು. ಹಿತ್ತಲಿಗೂ ಹುಲ್ಲು ಹಾಸಬೇಕೆಂದು ನನಗೆ ಬಹಳ ದಿನದ ಆಸೆ. ನೀರಿಲ್ಲವಲ್ಲ ಎಂದು ಸುಮ್ಮನಿದ್ದೆ. ಈಗ ಧೈರ್ಯ ಬಂತು.”

“ನನ್ನ ಎರಡು ಕೊಡ?”

“ಹೊಸ ಹುಲ್ಲು, ಎಳೆಯದು. ಈಗಲೇ ನೀರಿಗೆ ಕೈ ಹಾಕಬೇಡ. ಅದು ಬೇರು ಬಿಡಲಿ. ಆಮೇಲೆ ನೋಡೋಣ.”

ಎಳೆಯದು ಎಂಬ ಮಾತು ಅವಳ ಎದೆಗೆ ನಾಟಿತು. ಅವಳ ಮನೆಯಲ್ಲಿ ಎಳೆಯದು ಎಂಬುದು ಚಾಪೆಯ ಮೇಲೆ ಮಲಗಿತ್ತು. ಒಂದೂವರೆ ತಿಂಗಳು ತಾನು ಹನಿ ಹನಿಯಾಗಿ ಕೂಡಿಸಿದ್ದು ಯಾರಿಗೆ ಎಂದು ಆಗ ಅವಳಿಗೆ ತಿಳಿಯಿತು. ತಾನು ಉಳಿಸದೇ ಇದ್ದಿದ್ದರೆ ಈ ಬಂಡಿಗಳು ಬರುತ್ತಿರಲಿಲ್ಲ. ತನ್ನ ಕೈಯ ಜಾಣತನದಿಂದಲೇ ವರ್ತಕನಿಗೆ ಇನ್ನೊಂದು ಅಂಗಳದ ದಾಹ ಹುಟ್ಟಿತು. ಅವಳು ಬಿಸಿಲಿನ ಬಾಯಿಂದ ಕಿತ್ತು ತಂದ ನೀರನ್ನು ಅವನು ಮತ್ತೆ ಬಿಸಿಲಿಗೇ ಒಪ್ಪಿಸುತ್ತಿದ್ದ. ಅವನ ಲೆಕ್ಕಕ್ಕೆ ಅಡ್ಡ ಬಂದದ್ದು ಅವಳ ಎರಡು ಕೊಡ ಮಾತ್ರ.

ಕೆಲಸ ಬಿಟ್ಟು ಹೋಗಬಹುದಿತ್ತು. ಹೋದರೆ ನೀರೂ ಇಲ್ಲ, ಗಂಜಿಯೂ ಇಲ್ಲ. ಸಿಟ್ಟು ನುಂಗಿಕೊಂಡು ಅವಳು ಹೊಸ ಹುಲ್ಲಿಗೂ ನೀರು ಹಾಕಿದಳು. ನುಂಗಿದ ಸಿಟ್ಟು ಎಲ್ಲಿಗೂ ಹೋಗುವುದಿಲ್ಲ, ತಮ್ಮಾ.

ಇತ್ತ ವರ್ತಕನ ಹೆಸರು ಊರಲ್ಲಿ ಹಬ್ಬಿತು. ಇಂಥ ಬೇಸಿಗೆಯಲ್ಲೂ ತೋಟ ಹಸಿರಾಗಿದೆ, ಬಾವಿಯಲ್ಲಿ ನೀರೂ ಇದೆ, ನೀರು ಉಳಿಸುವುದನ್ನು ಅವರಿಂದ ಕಲಿಯಬೇಕು ಎಂದು ಜನ ಹೇಳತೊಡಗಿದರು. ಊರ ಹಿರಿಯರು ಸೇರಿ ಅವನಿಗೆ ಸನ್ಮಾನ ಮಾಡುವುದೆಂದು ನಿಶ್ಚಯಿಸಿದರು. ಸನ್ಮಾನ ಎಲ್ಲಿ? ಅದೇ ಹುಲ್ಲುಹಾಸಿನ ಮೇಲೆ. ಚಪ್ಪರ ಹಾಕಿದರು, ಕುರ್ಚಿ ಇಟ್ಟರು. ಅತಿಥಿಗಳು ಬರುವ ದಾರಿಯ ಧೂಳು ಏಳಬಾರದೆಂದು ಬೆಳಿಗ್ಗೆ ಹತ್ತು ಕೊಡ ನೀರು ಸೇದಿ ಬೀದಿಗೆ ಎರಚಿಸಿದರು. ಎರಚಿದವಳು ಅವಳೇ. ಅಂದು ಗೇಟನ್ನು ಪೂರ್ತಿ ತೆರೆದಿಟ್ಟಿದ್ದರು. ಓಣಿಯ ಹೆಂಗಸರು ಬಂದು ಗೇಟಿನ ಬಳಿ ಗುಂಪಾಗಿ ನಿಂತರು.

ತಟ್ಟೆ ಹಿಡಿಯಲು ಅವಳನ್ನೇ ನಿಲ್ಲಿಸಿದರು. ತಟ್ಟೆಯಲ್ಲಿ ಶಾಲು, ಹಾರ, ತೆಂಗಿನಕಾಯಿ, ಅವಳೇ ಬೆಳೆಸಿದ ಬಾಳೆಯ ಹಣ್ಣು. ಹಿರಿಯರೊಬ್ಬರು ಎದ್ದು ವರ್ತಕನಿಗೆ ಶಾಲು ಹೊದಿಸಿದರು. ಜನ ಚಪ್ಪಾಳೆ ತಟ್ಟಿದರು. ವರ್ತಕ ಮಾತಿಗೆ ನಿಂತ. ನಾನು ಮಣ್ಣಿನಲ್ಲಿ ಬೆರಳಿಟ್ಟು ನೋಡುತ್ತೇನೆ ಎಂದ. ನಾನು ಬೆಳಕು ಹರಿಯುವ ಮೊದಲೇ ನೀರು ಹಾಕುತ್ತೇನೆ ಎಂದ. ಬೆಳಕು ಹರಿದು ಎಷ್ಟು ಹೊತ್ತಾದ ಮೇಲೆ ಅವನು ಹಾಸಿಗೆ ಬಿಡುತ್ತಿದ್ದ ಎಂಬುದು ಅವನ ಮನೆಯವರಿಗೆಲ್ಲ ಗೊತ್ತಿತ್ತು. ಅವರೂ ಚಪ್ಪಾಳೆ ತಟ್ಟಿದರು. ಕೊನೆಗೆ ವರ್ತಕ ಗೇಟಿನ ಕಡೆ ಕೈ ತೋರಿಸಿ, ನಮ್ಮ ಹೆಂಗಸರು ಪಾತ್ರೆ ತೊಳೆಯುವಾಗ ನೀರನ್ನು ಬೇಕಾಬಿಟ್ಟಿ ಚೆಲ್ಲುತ್ತಾರೆ, ಬುದ್ಧಿ ಕಲಿಯಬೇಕು ಎಂದ.

ಶಾಲು ಹೊದಿಸಿದ ಹಿರಿಯರು ಒಳ್ಳೆಯವರು. ತಟ್ಟೆ ಹಿಡಿದು ನಿಂತವಳನ್ನು ನೋಡಿ ಅಕ್ಕರೆಯಿಂದಲೇ ಕೇಳಿದರು.

“ನೀನೂ ಇವರನ್ನು ನೋಡಿ ಕಲಿತುಕೊಂಡಿರಬೇಕಲ್ಲ, ತಂಗಿ. ಮನೆಯಲ್ಲಿ ನೀರು ಉಳಿಸುತ್ತೀಯಾ?”

“ಉಳಿಸುತ್ತೇನೆ, ಅ‍ಪ್ಪಾರೇ,” ಎಂದಳು. ಧ್ವನಿ ಮೆತ್ತಗೇ ಇತ್ತು, ಆದರೆ ಗೇಟಿನವರೆಗೂ ಕೇಳಿಸಿತು. “ಮಗುವಿನ ಮೈ ತೊಳೆದ ನೀರಿನಲ್ಲಿ ಬಟ್ಟೆ ಹಿಂಡುತ್ತೇನೆ. ಬಟ್ಟೆ ಹಿಂಡಿದ ನೀರಿನಲ್ಲಿ ನೆಲ ಒರೆಸುತ್ತೇನೆ. ಆ ನೀರನ್ನೂ ಚೆಲ್ಲುವುದಿಲ್ಲ, ಬದನೆ ಗಿಡಕ್ಕೆ ಹಾಕುತ್ತೇನೆ. ಇನ್ನೂ ಉಳಿಸಬೇಕೆಂದರೆ ಮಗು ಕುಡಿಯುವುದನ್ನು ಬಿಡಿಸಬೇಕಿತ್ತು. ಅದನ್ನು ಸಾಹುಕಾರರೇ ಬಿಡಿಸಿದ್ದಾರೆ. ಇದೇ ಬಾವಿಯಿಂದ ದಿನಕ್ಕೆ ಎರಡು ಕೊಡ ಕೊಡುತ್ತಿದ್ದರು, ನಿಲ್ಲಿಸಿದರು. ಅರವತ್ತು ಕೊಡ ಉಳಿಸಿಕೊಟ್ಟು ಎರಡು ಕೇಳಿದೆ. ಆ ಅರವತ್ತನ್ನು ಹಿತ್ತಲ ಹುಲ್ಲಿಗೆ ಕೊಟ್ಟರು. ಬೇಕಿದ್ದರೆ ಹಿಂದೆ ಹೋಗಿ ನೋಡಿ, ಚೆನ್ನಾಗಿ ಬಂದಿದೆ.”

ಅವಳು ತಟ್ಟೆಯನ್ನು ಕುರ್ಚಿಯ ಮೇಲಿಟ್ಟಳು. ಬಾವಿಯ ಹತ್ತಿರ ಹೋದಳು. ಕಟ್ಟೆಯ ಮೇಲಿದ್ದ ತನ್ನ ಎರಡು ಕೊಡಗಳಿಗೆ ನೀರು ಸೇದಿ ತುಂಬಿದಳು. ಒಂದನ್ನು ತಲೆಗೇರಿಸಿ, ಒಂದನ್ನು ಸೊಂಟಕ್ಕಿಟ್ಟುಕೊಂಡು, ಎಲ್ಲರ ಎದುರೇ ಗೇಟಿನ ಕಡೆ ನಡೆದಳು. ವರ್ತಕನಿಗೆ ತಡೆಯಬೇಕೆನಿಸಿತು. ನೀರು ಉಳಿಸಿದ್ದಕ್ಕೆ ಹೊದಿಸಿದ ಶಾಲು ಇನ್ನೂ ಹೆಗಲ ಮೇಲಿತ್ತು. ಅದನ್ನು ಹೊದ್ದುಕೊಂಡು, ತಾಯಿಯೊಬ್ಬಳಿಗೆ ಕೊಡ ಇಳಿಸು ಎಂದು ಊರೆದುರು ಹೇಳುವಷ್ಟು ನಾಲಿಗೆ ಅವನಿಗೂ ಇರಲಿಲ್ಲ. ಹಿರಿಯರು ಕುರ್ಚಿಯಿಂದೆದ್ದು ಅವಳಿಗೆ ದಾರಿ ಬಿಟ್ಟರು.

ಗೇಟಿನಲ್ಲಿದ್ದ ಹೆಂಗಸರು ಅವಳು ದಾಟುವುದನ್ನು ನೋಡಿದರು. ಒಬ್ಬೊಬ್ಬರಾಗಿ ತಿರುಗಿ ಮನೆಗೆ ಹೋದರು. ಹೋದಷ್ಟೇ ಬೇಗ ಕೊಡ ಹಿಡಿದು ಬಂದರು. ಅತಿಥಿಗಳು ಏಳುವವರೆಗೂ ಗೇಟು ಮುಚ್ಚುವಂತಿರಲಿಲ್ಲ. ಅತಿಥಿಗಳಿಗೆ ಊಟ ಬಡಿಸಿದ್ದರು. ಅಂದು ಓಣಿಯಲ್ಲಿ ಕೊಡ ತುಂಬದ ಮನೆ ಇರಲಿಲ್ಲ. ಬಾವಿಯಲ್ಲಿ ಒಂದು ಮೆಟ್ಟಿಲು ಇಳಿದ ನೀರು ಬೆಳಗಾಗುವುದರೊಳಗೆ ಮತ್ತೆ ಏರಿತ್ತು.

ಮರುದಿನ ಗೇಟಿಗೆ ಬೀಗ ಬಿತ್ತು. ನೀನು ಬರುವುದು ಬೇಡ ಎಂದು ವರ್ತಕ ಅವಳಿಗೆ ಹೇಳಿಕಳಿಸಿದ. ಅವಳ ಜಾಗಕ್ಕೆ ಒಬ್ಬ ಗಟ್ಟಿಮುಟ್ಟಾದ ಆಳು ಬಂದ. ಅವನಿಗೆ ಮಣ್ಣು ಗೊತ್ತಿರಲಿಲ್ಲ, ಅಪ್ಪಣೆ ಗೊತ್ತಿತ್ತು. ಮಧ್ಯಾಹ್ನ ಮಿನುಗಬೇಕು ಎಂದರೆ ಮಧ್ಯಾಹ್ನ ಹಾಕಿದ. ಎಂಬತ್ತು ಮುಂದೆ, ಎಂಬತ್ತು ಹಿಂದೆ. ಮಳೆಗಾಲಕ್ಕೆ ಇನ್ನೂ ಒಂದು ತಿಂಗಳಿರುವಾಗ ಬಾವಿಯಲ್ಲಿ ಕೆಸರು ಬಂತು. ಆಗ ಗೇಟಿನ ಬೀಗ ತೆಗೆದರು. ಓಣಿಯವರು ಒಳಗೆ ಬರಲಿ ಎಂದು ತೆಗೆದದ್ದಲ್ಲ. ವರ್ತಕನ ಮನೆಯ ಹೆಂಗಸರು ಕೊಡ ಹಿಡಿದು ಹಳ್ಳಕ್ಕೆ ಹೋಗಬೇಕಿತ್ತು.

ಅಜ್ಜಾರು ಕತೆ ನಿಲ್ಲಿಸಿದರು. ಗದಿಗೆಯ್ಯ ಬೆರಳಿನಿಂದ ಮಠದ ಕಟ್ಟೆಯ ಅಂಚು ಕೆರೆಯುತ್ತ ಕೂತಿದ್ದ.

“ಅಜ್ಜಾರೇ, ಅವಳ ಸಿಟ್ಟು ಸರಿಯೇ ಇರಬಹುದು. ಆದರೆ ಅಪ್ಪಣೆಯಿಲ್ಲದೆ ಬಾವಿಗೆ ಕೈ ಹಾಕಿದ್ದು ತಪ್ಪಲ್ಲವೇ?”

ಅಜ್ಜಾರು ಅವನ ಮುಖವನ್ನೇ ನೋಡಿದರು.

“ಗದಿಗೆಯ್ಯ, ಈ ಬೇಸಿಗೆಯಲ್ಲಿ ನೀನು ಉಳಿಸಿದ ನೀರನ್ನು ಇಲ್ಲಿಯವರೆಗೆ ಯಾರು ಕುಡಿದರು, ಅವರ ಹೆಸರು ಹೇಳು.”

ಗದಿಗೆಯ್ಯ ಎಣಿಸಲೆಂದು ಬೆರಳು ಎತ್ತಿದ. ಮೊದಲ ಬೆರಳೇ ಮಡಚಲಿಲ್ಲ.